ಸಲೂಕಿಯ ಎಂಜಲು

ಬೇಟೆನಾಯಿ ಬಾಯಲ್ಲಿ ಕಚ್ಚಿ ತಂದ ಮೊಲವನ್ನು ಮನುಷ್ಯ ತಿನ್ನಬಹುದೇ? ಏಳನೆಯ ಶತಮಾನದ ಅರೇಬಿಯಾದಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು, ಧರ್ಮದ ಪ್ರಶ್ನೆಯೂ ಹೌದು. ಪ್ರವಾದಿ ಮುಹಮ್ಮದರ ಮುಂದೆ ಇದನ್ನು ಇಟ್ಟವರು ತಯ್ಯ್ ಬುಡಕಟ್ಟಿನ ಮುಖಂಡ ಅದೀ ಇಬ್ನ್ ಹಾತಿಮ್. ದಾನಶೂರನೆಂದು ನಮ್ಮ ಕಡೆಯ ಕಥೆಗಳಲ್ಲೂ ಹೆಸರಾದ ಹಾತಿಮ್ ತಾಯಿಯ ಮಗ ಇವರು. ನಾಯಿ ಬಿಟ್ಟು ಬೇಟೆಯಾಡುವುದು ಅವರ ಜನರ ರೂಢಿ. ಅವರಿಗೆ ಸಿಕ್ಕ ಉತ್ತರ ಪ್ರವಾದಿಯ ನುಡಿಗಳ ಹದೀಸ್ ಸಂಗ್ರಹಗಳಲ್ಲಿ ಉಳಿದಿದೆ. ಪಳಗಿಸಿದ ನಾಯಿಯನ್ನು ದೇವರ ಹೆಸರು ಹೇಳಿ ಬಿಟ್ಟಿದ್ದರೆ, ಅದು ಹಿಡಿದುಕೊಟ್ಟದ್ದನ್ನು ತಿನ್ನಬಹುದು, ಬೇಟೆ ಅದರ ಬಾಯಲ್ಲೇ ಸತ್ತಿದ್ದರೂ ಸರಿ. ಆದರೆ ನಾಯಿ ಅದರಲ್ಲಿ ಒಂದು ತುತ್ತು ತಾನೇ ತಿಂದಿದ್ದರೆ ಮುಟ್ಟಬಾರದು; ಅದು ತನಗಾಗಿ ಹಿಡಿದದ್ದು. ಬೇಟೆಯ ಬಳಿ ಇನ್ನೊಂದು ನಾಯಿಯೂ ನಿಂತಿದ್ದರೆ ಆಗಲೂ ಬಿಡಬೇಕು; ದೇವರ ಹೆಸರು ಹೇಳಿದ್ದು ನಿಮ್ಮ ನಾಯಿಯ ಮೇಲೆ, ಅದರ ಮೇಲಲ್ಲ.

ಈ ಉತ್ತರದಲ್ಲಿ ನಾಯಿಯನ್ನು ಬರೀ ಆಯುಧವೆಂದು ಎಣಿಸಿಲ್ಲ. ಬಾಣ ಯಾರಿಗಾಗಿ ಹೋಯಿತು ಎಂದು ಬಾಣವನ್ನು ಯಾರೂ ಕೇಳುವುದಿಲ್ಲ. ನಾಯಿಯ ವಿಷಯದಲ್ಲಿ ಆ ಪ್ರಶ್ನೆ ಬರುತ್ತದೆ, ಅದಕ್ಕೆ ಸಿಗುವ ಉತ್ತರದ ಮೇಲೆ ಮನುಷ್ಯನ ಊಟ ನಿಲ್ಲುತ್ತದೆ. ಕುರಾನಿನ ಐದನೆಯ ಅಧ್ಯಾಯದ ನಾಲ್ಕನೆಯ ವಚನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೇಟೆಪ್ರಾಣಿಗೆ ಮನುಷ್ಯ ಕಲಿಸುವ ವಿದ್ಯೆ ದೇವರು ಮನುಷ್ಯನಿಗೆ ಕಲಿಸಿದ್ದರ ಭಾಗ ಎನ್ನುತ್ತದೆ. 1350ರಲ್ಲಿ ತೀರಿಕೊಂಡ ಡಮಾಸ್ಕಸ್ಸಿನ ವಿದ್ವಾಂಸ ಇಬ್ನುಲ್ ಕಯ್ಯಿಮ್ ಇದನ್ನೇ ಹಿಡಿದು, ಕಲಿತ ನಾಯಿಯ ಬೇಟೆ ಊಟವಾಗುತ್ತದೆ, ಕಲಿಯದ ನಾಯಿಯ ಬೇಟೆ ಹೆಣವಾಗುತ್ತದೆ, ವಿದ್ಯೆಯ ಹಿರಿಮೆಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ವಾದಿಸಿದರು. ನಾಯಿಗೆ ವಿದ್ಯೆಯಿಂದ ಗೌರವ ಬರುತ್ತದೆಂದು ಇಷ್ಟು ನೇರವಾಗಿ ಹೇಳುವ ಧರ್ಮಶಾಸ್ತ್ರದ ಮಾತು ಬೇರೆಡೆ ಸುಲಭಕ್ಕೆ ಸಿಗುವುದಿಲ್ಲ.

ಮರುಭೂಮಿಯಲ್ಲಿ ಈ ವಿದ್ಯೆ ಕಲಿತ ನಾಯಿಯೆಂದರೆ ಸಲೂಕಿ. ಎದೆ ಆಳ, ಸೊಂಟ ಸಣ್ಣ, ಕಾಲು ಉದ್ದ, ಮೈಮೇಲೆ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಗಂಡು ನಾಯಿ 58ರಿಂದ 71 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ವಾಸನೆ ಹಿಡಿದು ಹೋಗುವ ನಾಯಿಯಲ್ಲ ಇದು, ಕಣ್ಣಲ್ಲಿ ಬೇಟೆಯನ್ನು ಕಂಡು ಬೆನ್ನಟ್ಟುವಂಥದು. ಗಂಟೆಗೆ 60 ಕಿಲೋಮೀಟರ್ ಮೀರಿ ಓಡಬಲ್ಲದು. ಚಿಕ್ಕ ಓಟದಲ್ಲಿ ಗ್ರೇಹೌಂಡ್ ಮುಂದಿದ್ದರೂ ದೂರದ ಓಟದಲ್ಲಿ ಸಲೂಕಿಯ ದಮ್ಮು ಹೆಚ್ಚು. ಇದರಲ್ಲಿ ಎರಡು ಬಗೆ. ಒಂದರ ಮೈಯೆಲ್ಲ ನುಣುಪು. ಇನ್ನೊಂದಕ್ಕೆ ಮೈಕೂದಲು ಗಿಡ್ಡವಿದ್ದರೂ ಕಿವಿ, ಬಾಲದ ಅಡಿ, ತೊಡೆ, ಕಾಲುಗಳ ಹಿಂಬದಿಯಲ್ಲಿ ರೇಷ್ಮೆಯಂಥ ಉದ್ದ ಕೂದಲು ಇಳಿಬಿದ್ದಿರುತ್ತದೆ. ಬೆರಳುಗಳ ನಡುವೆಯೂ ಕೂದಲಿರುತ್ತದೆ, ಕಾದ ಮರಳಲ್ಲಿ ಅದು ಅಂಗಾಲಿಗೆ ಆಸರೆ. ಈ ಕಿವಿಯ ಕೂದಲೇ ಸಾಕುವವರಿಗೆ ದಿನದ ಕೆಲಸ. ಊಟಕ್ಕೆ ಬಾಗಿದರೆ ತಟ್ಟೆಗೆ ಬೀಳುತ್ತದೆ, ಒಣಗಿ ಗಂಟಾಗುತ್ತದೆ, ಆಮೇಲೆ ನಾಯಿ ಅದನ್ನೇ ಅಗಿಯುತ್ತದೆ. ಅದಕ್ಕೇ ಅನೇಕರು ಊಟದ ಹೊತ್ತಿಗೆ ತಲೆಗೆ ಬಟ್ಟೆಯ ಪಟ್ಟಿ ಹಾಕಿ ಎರಡೂ ಕಿವಿಗಳನ್ನು ಹಿಂದಕ್ಕೆ ಕಟ್ಟುತ್ತಾರೆ. ಬಾಚುವಾಗ ಕೂದಲ ತುದಿಯಿಂದ ಶುರುಮಾಡಿ ಬುಡದ ಕಡೆ ಬರಬೇಕು. ಬುಡದಿಂದಲೇ ಎಳೆದರೆ ತೆಳು ಚರ್ಮಕ್ಕೆ ನೋವಾಗಿ, ಮರುದಿನ ಬಾಚಣಿಗೆ ಕಂಡ ಕೂಡಲೇ ನಾಯಿ ಎದ್ದು ಹೋಗುತ್ತದೆ.

ಬೆದೂಯಿನ್ ಅಲೆಮಾರಿಗಳು ಇದನ್ನು ಸಾಕಿದ ರೀತಿ ಬೇರೆಯೇ. ಮೇಕೆಕೂದಲಿನ ಕಪ್ಪು ಡೇರೆಯ ಹೊರಗೆ ಕಾವಲು ನಾಯಿಗಳು; ಒಳಗೆ, ಕಂಬಳಿಯ ಮೇಲೆ, ಸಲೂಕಿ. ಮರಿಗಳ ಆರೈಕೆ ಹೆಚ್ಚಾಗಿ ಹೆಂಗಸರದು. ಹಾಲು, ಖರ್ಜೂರ, ರೊಟ್ಟಿಚೂರು ಅದರ ಆಹಾರ. ಮರಿ ಬೆಳೆದಂತೆ ಮೊದಲು ಜೆರ್ಬೋವಾ ಎಂಬ ಮರಳುಗಾಡಿನ ನೆಗೆಯುವ ಇಲಿಯ ಹಿಂದೆ ಓಡಿಸಿ ಕಲಿಸುತ್ತಿದ್ದರು, ಆಮೇಲೆ ಮೊಲ, ಕೊನೆಗೆ ಜಿಂಕೆ. ಮರಳು ಕಾದಿದ್ದರೆ ಬೇಟೆಯ ಜಾಗ ಬರುವವರೆಗೆ ನಾಯಿ ಒಂಟೆಯ ಮೇಲೆ ಸವಾರನ ಜೊತೆ ಕೂತು ಬರುತ್ತಿತ್ತು. ಪಾದಗಳಿಗೆ ಮದರಂಗಿ ಹಚ್ಚುವ ಪದ್ಧತಿಯೂ ಇದೆ, ಅಂಗಾಲು ಗಟ್ಟಿಯಾಗಲಿ ಎಂದೂ ಚೆಂದಕ್ಕೆಂದೂ. ಕುದುರೆಗಳ ವಂಶಾವಳಿಯಂತೆ ಇದರ ವಂಶಾವಳಿಯನ್ನೂ ಬಾಯಲ್ಲೇ ಇಟ್ಟುಕೊಂಡಿದ್ದರು. ಒಳ್ಳೆಯ ಸಲೂಕಿಯನ್ನು ದುಡ್ಡಿಗೆ ಮಾರುವುದು ಅವಮಾನ. ಕೊಡುವುದಾದರೆ ಉಡುಗೊರೆಯಾಗಿ ಕೊಡಬೇಕು. 1895ರಲ್ಲಿ ಇಂಗ್ಲೆಂಡಿನ ಫ್ಲಾರೆನ್ಸ್ ಆಮ್‌ಹರ್ಸ್ಟ್ ಕೆಳ ಈಜಿಪ್ಟಿನ ಸಾಲಿಹಿಯಾದ ತಹಾವಿ ಜನರ ತಳಿಯ ಒಂದು ಜೋಡಿಯನ್ನು ತರಿಸಿಕೊಂಡರು. ಅಲ್ಲಿನ ಕೆನಲ್ ಕ್ಲಬ್ ಈ ತಳಿಗೆ ಮನ್ನಣೆ ಕೊಟ್ಟದ್ದು 1923ರಲ್ಲಿ. ಅಲೆಮಾರಿಗಳು ಮನ್ನಣೆ ಕೊಟ್ಟು ಆಗಲೇ ಶತಮಾನಗಳಾಗಿದ್ದವು.

ಆ ಮನ್ನಣೆಯಲ್ಲೇ ಈ ಬರಹದ ಪ್ರಶ್ನೆ ಇದೆ. ಪಾತ್ರೆಗೆ ನಾಯಿ ಬಾಯಿ ಹಾಕಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಚ್ಚಿ ತೊಳೆಯಬೇಕು ಎನ್ನುತ್ತದೆ ಪ್ರವಾದಿಯ ಒಡನಾಡಿ ಅಬು ಹುರೈರಾ ಹೇಳಿದ ಹದೀಸ್. ಬೇಟೆ, ಮಂದೆ, ಹೊಲದ ಕೆಲಸಕ್ಕಲ್ಲದೆ ನಾಯಿ ಸಾಕಿದವನ ಪುಣ್ಯ ದಿನದಿನವೂ ಇಷ್ಟಿಷ್ಟು ಕರಗುತ್ತದೆ ಎಂಬ ಮಾತೂ ಇದೆ. ಹೀಗಿರುವಾಗ ನಮಾಜು ಮಾಡುವ ಡೇರೆಯೊಳಗೆ, ಅದೇ ಕಂಬಳಿಯ ಮೇಲೆ ಸಲೂಕಿ ಮಲಗುವುದು ಹೇಗೆ? ಬೆದೂಯಿನ್ನರ ಉತ್ತರ ಸರಳ. ಅದು ನಾಯಿಯಲ್ಲ, ಸಲೂಕಿ. ನಾಯಿ ಎಂಬ ಹೆಸರನ್ನು ಹೊರಗಿನ ಕಾವಲು ನಾಯಿಗಳಿಗೆ ಬಿಟ್ಟು, ಇದನ್ನು ದೇವರ ಕೊಡುಗೆ ಎಂದು ಬೇರೆ ಸಾಲಿನಲ್ಲಿ ಕೂರಿಸಿದರು.

ಪ್ರೀತಿಯಿಂದ ಹುಟ್ಟಿದ ಉತ್ತರ ಇದು, ಅದರಲ್ಲಿ ಸಂಶಯವಿಲ್ಲ. ಆದರೂ ಇದರಲ್ಲಿ ಒಂದು ಕೊರತೆ ಇದೆ, ಅದನ್ನು ಕನ್ನಡದ ಓದುಗರು ಬೇಗ ಗುರುತಿಸುತ್ತಾರೆ. ಮಡಿ, ಮೈಲಿಗೆ, ಎಂಜಲು ಎಂಬ ಮಾತುಗಳ ನಡುವೆ ಬೆಳೆದ ನಾಡು ಇದು. ಹುಟ್ಟಿನಿಂದಲೇ ಅಂಟಿದ ಮೈಲಿಗೆ ಎಂಬ ಕಲ್ಪನೆ ಮನುಷ್ಯರಿಗೆ ಏನು ಮಾಡಿತೆಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ‘ನೀನು ನಿಮ್ಮವರ ಹಾಗಲ್ಲ’ ಎಂದು ಒಬ್ಬನನ್ನು ಒಳಗೆ ಕರೆದು ಕೂರಿಸುವ ಮನೆಯಲ್ಲಿ ಹೊಸ್ತಿಲ ನಿಯಮ ಇದ್ದಲ್ಲೇ ಇರುತ್ತದೆ. ಒಳಗೆ ಬಂದವನು ತನ್ನವರನ್ನು ಹೊರಗೆ ಬಿಟ್ಟೇ ಬರಬೇಕು.

ಇದಕ್ಕಿಂತ ಕಷ್ಟದ ದಾರಿಯನ್ನು ಹಿಡಿದವರು ಮದೀನಾದ ಇಮಾಮ್ ಮಾಲಿಕ್ ಇಬ್ನ್ ಅನಸ್. ಕ್ರಿ.ಶ. 795ರಲ್ಲಿ ತೀರಿಕೊಂಡ ಅವರು ನಾಲ್ಕು ಸುನ್ನಿ ಪಂಥಗಳಲ್ಲಿ ಒಂದರ ಮೂಲಪುರುಷ. ಅವರು ಸಲೂಕಿಗೆ ಬೇರೆ ಹೆಸರು ಹುಡುಕಲಿಲ್ಲ, ನಾಯಿಯನ್ನು ನಾಯಿಯೆಂದೇ ಇಟ್ಟುಕೊಂಡು ಪ್ರಶ್ನೆ ಕೇಳಿದರು: ನಾಯಿ ಬಾಯಲ್ಲಿ ಕಚ್ಚಿ ತಂದ ಬೇಟೆಯನ್ನು ತಿನ್ನಬಹುದಾದರೆ, ಅದರ ಜೊಲ್ಲು ಹೇಗೆ ಕೆಟ್ಟದ್ದಾಗುತ್ತದೆ? ಅದೀಗೆ ಸಿಕ್ಕ ಅನುಮತಿಯನ್ನೇ ಆಧಾರವಾಗಿಟ್ಟ ವಾದ ಇದು. ಹಾಗಾದರೆ ಏಳು ಸಲದ ತೊಳೆತ? ಅದು ವಿಧಿಯ ಪಾಲನೆ, ಅದನ್ನು ಮಾಡುವುದು ಒಳ್ಳೆಯದು. ಆದರೆ ಅದರಿಂದ ನಾಯಿ ಅಶುದ್ಧವೆಂದು ಸಿದ್ಧವಾಗುವುದಿಲ್ಲ. ನಾಯಿ ನೆಕ್ಕಿತೆಂಬ ಕಾರಣಕ್ಕೆ ದೇವರು ಕೊಟ್ಟ ಅನ್ನವನ್ನು ಚೆಲ್ಲುವುದೇ ದೊಡ್ಡ ತಪ್ಪು ಎಂಬುದು ಅವರ ನಿಲುವು. ಅವರ ಪಂಥದವರು ಇದನ್ನು ಇನ್ನೂ ವಿಸ್ತರಿಸಿ, ಜೀವ ಇರುವುದೇ ಶುದ್ಧಿಗೆ ಕಾರಣ, ಆದ್ದರಿಂದ ಬದುಕಿರುವ ಪ್ರತಿ ಪ್ರಾಣಿಯೂ ಶುದ್ಧ ಎಂಬ ಸೂತ್ರಕ್ಕೆ ಬಂದರು.

ಮಾಲಿಕರ ಶಿಷ್ಯರೇ ಆದ ಇಮಾಮ್ ಶಾಫಿ ಇದನ್ನು ಒಪ್ಪಲಿಲ್ಲ. ತೊಳೆ ಎಂದು ಹೇಳಿದ ಮೇಲೆ ತೊಳೆಯಬೇಕಾದ್ದು ಏನೋ ಇರಲೇಬೇಕು. ಏಳು ಸಲ, ಅದೂ ಮಣ್ಣಿನಿಂದ ಎಂದರೆ ಅದು ಸಾಮಾನ್ಯ ಕೊಳೆಯಲ್ಲ. ಈ ತರ್ಕಕ್ಕೂ ತೂಕವಿದೆ. ಅವರ ಪಂಥದಲ್ಲಿ ನಾಯಿ ಇಡಿಯಾಗಿ ಅಶುದ್ಧ. ಬೇಟೆಯ ಮೈಮೇಲೆ ಹಲ್ಲೂರಿದ ಜಾಗವನ್ನು ತೊಳೆಯಬೇಕೇ, ತೊಳೆದರೆ ಎಷ್ಟು ಸಲ ಎಂಬ ಚರ್ಚೆ ಅಲ್ಲಿ ನಡೆಯಿತು. ಇನ್ನೊಂದು ಪಂಥವಾದ ಹನಫಿಗಳದು ಇವೆರಡರ ನಡುವಿನ ದಾರಿ: ಜೊಲ್ಲು ಅಶುದ್ಧ, ಮೈ ಅಲ್ಲ. ಕರ್ನಾಟಕದಲ್ಲಿ ಭಟ್ಕಳದ ನವಾಯತರೂ ದಕ್ಷಿಣ ಕನ್ನಡದ ಬ್ಯಾರಿಗಳೂ ಶಾಫಿ ಪಂಥದವರು, ಬಯಲುಸೀಮೆಯ ಮುಸ್ಲಿಮರು ಹೆಚ್ಚಿನಂಶ ಹನಫಿಗಳು. ಹಾಗಾಗಿ ಒಂದೇ ರಾಜ್ಯದಲ್ಲಿ, ಒಂದೇ ಧರ್ಮದ ಎರಡು ಮನೆಗಳಲ್ಲಿ, ಅಂಗಳಕ್ಕೆ ಬಂದ ಅದೇ ನಾಯಿಗೆ ಎರಡು ನಿಯಮ. ‘ಇಸ್ಲಾಮಿನಲ್ಲಿ ನಾಯಿ ನಿಷಿದ್ಧ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರು ಸಾವಿರದಿನ್ನೂರು ವರ್ಷಗಳ ಈ ಜಗಳವನ್ನು ಕೇಳಿಸಿಕೊಂಡೇ ಇಲ್ಲ.

ಕುರಾನಿನ ಹದಿನೆಂಟನೆಯ ಅಧ್ಯಾಯದಲ್ಲಿ ಗುಹೆಯೊಳಗೆ ಮಲಗಿದ ಯುವಕರ ಕಥೆ ಬರುತ್ತದೆ. ನಂಬಿಕೆಗಾಗಿ ಊರು ಬಿಟ್ಟು ಓಡಿಬಂದವರು ಗುಹೆಯಲ್ಲಿ 309 ವರ್ಷ ನಿದ್ದೆ ಹೋಗುತ್ತಾರೆ. ಹೊಸ್ತಿಲಲ್ಲಿ ಅವರ ನಾಯಿ ಮುಂಗಾಲು ಚಾಚಿ ಮಲಗಿರುತ್ತದೆ. ಅವರೆಷ್ಟು ಜನ ಎಂಬುದರ ಬಗ್ಗೆ ಮಂದಿ ಆಡುವ ಮಾತುಗಳನ್ನು ಆ ಅಧ್ಯಾಯ ಒಂದೊಂದಾಗಿ ಹೇಳುತ್ತದೆ: ಮೂವರು, ನಾಲ್ಕನೆಯದು ನಾಯಿ; ಐವರು, ಆರನೆಯದು ನಾಯಿ; ಏಳು ಮಂದಿ, ಎಂಟನೆಯದು ನಾಯಿ. ಮನುಷ್ಯರ ಸಂಖ್ಯೆ ಬದಲಾಗುತ್ತಾ ಹೋದರೂ ನಾಯಿ ಪ್ರತಿ ಸಲವೂ ಲೆಕ್ಕದೊಳಗಿದೆ. ಅದು ಬೇಟೆನಾಯಿ ಎಂದಾಗಲಿ, ಒಳ್ಳೆಯ ತಳಿಯದೆಂದಾಗಲಿ ಅಲ್ಲಿ ಹೇಳಿಲ್ಲ. ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಮೇಲೆ ಹತ್ತಿದವನ ಪಾಪ ಕ್ಷಮೆಯಾಯಿತೆಂದು ಹೇಳುವ ಹದೀಸಿನ ನಾಯಿಯೂ ಅಂಥದೇ, ಯಾರದೋ ಏನೋ ತಿಳಿಯದ ನಾಯಿ. ನಾಯಿ ಬಾಯಿಟ್ಟದ್ದನ್ನು ತೊಳೆಯಬೇಕೆಂದ ಪರಂಪರೆಯೇ ಮನುಷ್ಯ ಬಾಯಲ್ಲಿ ಕಚ್ಚಿ ತಂದ ನೀರನ್ನು ನಾಯಿ ಕುಡಿದ ಕಥೆಯನ್ನೂ ಜೋಪಾನ ಮಾಡಿದೆ. ಒಂದನ್ನು ಓದುವಾಗ ಇನ್ನೊಂದನ್ನು ಮರೆಯಬಾರದು.

ಶಾಸ್ತ್ರ ಹೀಗೆ ಜಗಳವಾಡುತ್ತಿರುವಾಗಲೇ ಬದುಕು ತನ್ನ ಪಾಡಿಗೆ ನಡೆದಿತ್ತು. ಬಾಗ್ದಾದಿನ ಅಬು ನುವಾಸ್ ಬೇಟೆನಾಯಿಗಳ ಮೇಲೆ ಕವಿತೆ ಕಟ್ಟಿದ. ಬಸ್ರಾದ ಅಲ್-ಜಾಹಿಜ್ ತನ್ನ ‘ಪ್ರಾಣಿಗಳ ಪುಸ್ತಕ’ದಲ್ಲಿ ನಾಯಿಯ ಕಡೆಯವನಿಗೂ ಹುಂಜದ ಕಡೆಯವನಿಗೂ ಪುಟಗಟ್ಟಲೆ ವಾದ ಹೂಡಿಸಿದ. ಹತ್ತನೆಯ ಶತಮಾನದ ಆರಂಭದಲ್ಲಿ ಬಾಗ್ದಾದಿನಲ್ಲೇ ಇಬ್ನುಲ್ ಮರ್ಜುಬಾನ್ ಎಂಬ ವಿದ್ವಾಂಸ, ಬಟ್ಟೆ ತೊಟ್ಟ ಅನೇಕರಿಗಿಂತ ನಾಯಿಗಳು ಮೇಲೆಂದು ಸಾರುವ ಒಂದು ಚಿಕ್ಕ ಪುಸ್ತಕ ಬರೆದ. ಗೆಳೆಯರು ಕೈಕೊಟ್ಟಾಗ ಕೈಬಿಡದ ನಾಯಿಗಳ ಪ್ರಸಂಗಗಳು ಅದರ ತುಂಬ ಇವೆ.

ಇವರೆಲ್ಲರಿಗಿಂತ ಮನಸ್ಸಿಗೆ ಹತ್ತಿರವಾಗುವವನು ಸಿರಿಯಾದ ಶೈಜರ್ ಕೋಟೆಯ ಮುರ್ಷಿದ್. ಇವನ ಮಗ ಉಸಾಮಾ ಇಬ್ನ್ ಮುನ್ಕಿದ್ (1095–1188) ಕ್ರುಸೇಡ್ ಯುದ್ಧಗಳ ಕಾಲದ ತನ್ನ ನೆನಪುಗಳನ್ನು ಬರೆದಿಟ್ಟಿದ್ದಾನೆ. ಅದರಲ್ಲಿ ಬರುವ ಅಪ್ಪ ಗಿಡುಗ, ಚೀತಾ, ಬೇಟೆನಾಯಿಗಳನ್ನು ಸಾಕಿ ಬೇಟೆಯ ದಿನಗಳನ್ನು ಹಬ್ಬದಂತೆ ಕಳೆಯುವವನು. ಉಳಿದ ಹೊತ್ತು ಉಪವಾಸ, ಪಾರಾಯಣ, ಕುರಾನಿನ ಪ್ರತಿ ಬರೆಯುವ ಕೆಲಸ. ತನ್ನ ಕೈಯಾರೆ 40ಕ್ಕೂ ಹೆಚ್ಚು ಪೂರ್ಣ ಪ್ರತಿಗಳನ್ನು ಬರೆದ. ಬೆಳಿಗ್ಗೆ ನಾಯಿಯ ಕೊರಳು ಹಿಡಿದ ಕೈಯೇ ಸಂಜೆ ಲೇಖನಿ ಹಿಡಿಯುತ್ತಿತ್ತು. ನಡುವೆ ತೊಳೆದುಕೊಳ್ಳುತ್ತಿದ್ದಿರಬೇಕು. ನೀರು ಹಾಕಿ ತೊಳೆದರೆ ಹೋಗುವಂಥದ್ದನ್ನು ಆತ ಜೀವದ ಮೇಲಿನ ಕಳಂಕವೆಂದು ಎಣಿಸಿದಂತೆ ಕಾಣುವುದಿಲ್ಲ.

ಅರಬರು ಮಾತ್ರ ಈ ಗಂಟಿನಲ್ಲಿ ಸಿಕ್ಕಿಕೊಂಡವರಲ್ಲ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯನ ಜೊತೆ ನಡೆದುಬಂದ ನಾಯಿಯನ್ನು ಕಂಡು ಇಂದ್ರ ಆಡುವ ಮಾತು ಹದೀಸಿನ ಮಾತಿಗೆ ಎಷ್ಟು ಸಮೀಪ! ನಾಯಿ ಇರುವವರಿಗೆ ಸ್ವರ್ಗದಲ್ಲಿ ಜಾಗವಿಲ್ಲ, ಅವರ ಪುಣ್ಯವನ್ನು ಕ್ರೋಧವಶರೆಂಬ ಗಣಗಳು ಒಯ್ಯುತ್ತವೆ. ಯುಧಿಷ್ಠಿರ ಹಟ ಹಿಡಿದ. ನಂಬಿ ಬಂದದ್ದನ್ನು ಬಿಟ್ಟು ಬರುವ ಸ್ವರ್ಗ ಬೇಡ. ಆದರೆ ಮುಂದಿನ ಗಳಿಗೆಯಲ್ಲೇ ನಾಯಿ ಮಾಯವಾಗಿ ಯಮಧರ್ಮ ನಿಲ್ಲುತ್ತಾನೆ. ಕಥೆ ಇಲ್ಲಿ ಬೆದೂಯಿನ್ನರ ದಾರಿಯನ್ನೇ ಹಿಡಿಯಿತು: ಅದು ನಾಯಿಯಾಗಿರಲೇ ಇಲ್ಲ. ಸ್ವರ್ಗದ ನಿಯಮಕ್ಕೆ ಒಂದು ಗೀರೂ ಬೀಳಲಿಲ್ಲ. ಯುಧಿಷ್ಠಿರ ವಾದ ಮಾಡಿದ್ದು ಮಾತ್ರ ನಾಯಿಯ ಪರವಾಗಿ, ದೇವರ ಪರವಾಗಿ ಅಲ್ಲ. ಅವನ ಮಾತು ತನ್ನ ಕಾಲಮೇಲೆ ತಾನು ನಿಲ್ಲುತ್ತದೆ; ವೇಷ ಕಳಚುವುದು ಅದಕ್ಕೆ ಬೇಕಿರಲಿಲ್ಲ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯಗಳು ಮಾಡುವುದು ಇದರ ತಿರುವುಮುರುವು. ಕಂಬಳಿ ಹೊದ್ದು, ಭಂಡಾರ ಹಚ್ಚಿ, ತಾವು ಮೈಲಾರಲಿಂಗನ ನಾಯಿಗಳೆಂದು ಬೊಗಳುತ್ತಾರೆ. ಭಕ್ತರು ಹಾಲು, ತುಪ್ಪ, ಬಾಳೆಹಣ್ಣು ಹಾಕಿದ ಮರದ ದೋಣಿಗೆ ಕೈ ಹಾಕದೆ ಬಾಯಿ ಹಾಕಿ ತಿನ್ನುತ್ತಾರೆ. ನಾಯಿ ದೇವರಾಗುವುದಿಲ್ಲ ಇಲ್ಲಿ, ದೇವರ ಹತ್ತಿರ ಹೋಗಲು ಮನುಷ್ಯ ನಾಯಿಯಾಗುತ್ತಾನೆ. ಎಂಜಲು ಎಂಬ ಮಾತು ಆ ಹೊತ್ತಿಗೆ ಅಲ್ಲಿ ಏಳುವುದೇ ಇಲ್ಲ.

ಶಾಸ್ತ್ರದ ಶುದ್ಧಿಗೂ ಮನಸ್ಸಿನ ಕರುಣೆಗೂ ನೇರ ಸಂಬಂಧವಿಲ್ಲ ಎನ್ನಲು ಇಸ್ತಾಂಬುಲ್ ಸಾಕ್ಷಿ. ನಾಯಿಯ ಜೊಲ್ಲು ಅಶುದ್ಧವೆನ್ನುವ ಹನಫಿಗಳ ನಗರ ಅದು. ಮನೆಯೊಳಗೆ ನಾಯಿ ಬಿಟ್ಟುಕೊಳ್ಳದ ಆ ಜನ ಶತಮಾನಗಳ ಕಾಲ ಬೀದಿನಾಯಿಗಳಿಗೆ ಅನ್ನ ಹಾಕಿದರು, ನೀರಿಟ್ಟರು. 1910ರಲ್ಲಿ ನಗರವನ್ನು ಆಧುನಿಕ ಮಾಡಹೊರಟ ಆಡಳಿತ ಹತ್ತಾರು ಸಾವಿರ ನಾಯಿಗಳನ್ನು ಹಿಡಿದು ಮರ್ಮರಾ ಸಮುದ್ರದ ಸಿವ್ರಿಯಾದಾ ಎಂಬ ಬಂಡೆದ್ವೀಪಕ್ಕೆ ಸಾಗಿಸಿತು. ಅನ್ನನೀರಿಲ್ಲದೆ ಅವು ಅಲ್ಲೇ ಸತ್ತವು. ಆಮೇಲೆ ಬಂದ ಕೇಡುಗಳನ್ನು ಊರಿನವರು ಆ ನಾಯಿಗಳ ಶಾಪವೆಂದೇ ಆಡಿಕೊಂಡರು. ನಾಯಿಗಳನ್ನು ಕೊಂದದ್ದು ಧರ್ಮದ ನಿಯಮವಲ್ಲ. ಚೊಕ್ಕಟ ಎಂಬ ಹೊಸ ಕಲ್ಪನೆ.

ಉದ್ದ ಕೂದಲಿನ ಬೇಟೆನಾಯಿಗೆ ನಮ್ಮಲ್ಲೂ ಒಂದು ನೆಂಟಸ್ತಿಕೆ ಇದೆ. ಮುಧೋಳ ನಾಯಿಗಳಲ್ಲಿ ಮೈಯೆಲ್ಲ ನುಣುಪಿರುವ ಕಾರವಾನಿಯ ಜೊತೆಗೆ, ಕಿವಿ, ಬಾಲ, ಕಾಲುಗಳಲ್ಲಿ ಜೂಲು ಬಿಟ್ಟಿರುವ ಪಶ್ಮಿ ಎಂಬ ಬಗೆಯೂ ಉಂಟು. ಪಶ್ಚಿಮ ಏಷ್ಯಾದಿಂದ ದಖ್ಖನ್ನಿಗೆ ಬಂದ ಸೈನಿಕರು, ವರ್ತಕರ ಜೊತೆ ಇವುಗಳ ಪೂರ್ವಜರು ಬಂದವೆಂಬ ನಂಬಿಕೆ ಹಳೆಯದು. ಪಶ್ಮಿಯನ್ನೂ ಸಲೂಕಿಯನ್ನೂ ಪಕ್ಕಪಕ್ಕ ನಿಲ್ಲಿಸಿದವರಿಗೆ ಆ ನಂಬಿಕೆಗೆ ಕಾರಣ ಬೇಗ ತಿಳಿಯುತ್ತದೆ. ಮುಧೋಳದ ಘೋರ್ಪಡೆ ಅರಸರು ಇಲ್ಲಿನ ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟಿದ್ದರು. 2005ರಲ್ಲಿ ಈ ತಳಿಗೆ ಅಂಚೆಚೀಟಿಯೂ ಬಂತು. ಇಷ್ಟೆಲ್ಲ ಗೌರವ ಸಿಕ್ಕಿದ್ದು ತಳಿಗೆ. ಅದೇ ಊರಿನ ಬಸ್ ನಿಲ್ದಾಣದ ನಾಯಿಗೆ ಕಲ್ಲು ತಪ್ಪಿಲ್ಲ.

ಸಲೂಕಿಯ ವಿಷಯದಲ್ಲಿ ಇದರ ಕಹಿಯಾದ ಮುಖ ಈಗ ಕೊಲ್ಲಿ ದೇಶಗಳಲ್ಲೇ ಕಾಣುತ್ತಿದೆ. ಅಬುಧಾಬಿಯಲ್ಲಿ ಈ ತಳಿಗಾಗಿಯೇ ಒಂದು ಕೇಂದ್ರವಿದೆ. ಬೇಟೆಗೆ ಕಡಿವಾಣ ಬಿದ್ದ ಮೇಲೆ ಓಟದ ಪಂದ್ಯ, ಸೌಂದರ್ಯದ ಪಂದ್ಯ ನಡೆಯುತ್ತವೆ. ಅದೇ ಪ್ರದೇಶದಲ್ಲಿ ಓಟಕ್ಕೆ ಬಾರದ ಸಲೂಕಿಗಳನ್ನು ಮರಳುಗಾಡಿನಲ್ಲಿ ಬಿಟ್ಟುಹೋಗುವವರೂ ಇದ್ದಾರೆ. ಅಂಥವನ್ನು ಹಿಡಿದು ಚಿಕಿತ್ಸೆ ಕೊಟ್ಟು ಮನೆ ಹುಡುಕುವುದು ಅಲ್ಲಿನ ಪ್ರಾಣಿಪ್ರಿಯರ ಕೆಲಸವಾಗಿದೆ. ಕಾಲು ಮುರಿದ ದಿನ ಸಲೂಕಿ ಮತ್ತೆ ಬರೀ ನಾಯಿ. ಓಟಕ್ಕಾಗಿ ಕೊಟ್ಟ ವಿನಾಯಿತಿ ಓಟದ ಜೊತೆಗೇ ಹೋಗುತ್ತದೆ.

ಅಂಥ ನಾಯಿಯನ್ನು ಮನೆಗೆ ತಂದವರು ಕಲಿಯಬೇಕಾದ್ದು ಬಹಳವಿದೆ. ಬರೀ ನೆಲದ ಮೇಲೆ ಮಲಗಿದರೆ ಕೊಬ್ಬಿಲ್ಲದ ಮೈಯಲ್ಲಿ ಮೊಣಕೈ, ಸೊಂಟದ ಮೂಳೆ ಒತ್ತಿ ಹುಣ್ಣಾಗುತ್ತದೆ, ದಪ್ಪನೆಯ ಹಾಸಿಗೆ ಬೇಕು. ಚಳಿ ಬೇಗ ತಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಡಾಕ್ಟರಿಗೆ ತಳಿಯನ್ನು ಹೇಳಲೇಬೇಕು. ಈ ತಳಿಯಲ್ಲಿ ಥಯೋಪೆಂಟಾಲಿನಂಥ ಅರಿವಳಿಕೆ ಮದ್ದು ರಕ್ತದಲ್ಲೇ ಹೆಚ್ಚು ಹೊತ್ತು ಉಳಿದು ಎಚ್ಚರವಾಗುವುದು ತೀರಾ ತಡವಾಗಬಹುದು. ಬೇಲಿ ಎತ್ತರವಿರಬೇಕು, ಬಯಲಿನಲ್ಲಿ ಹಗ್ಗ ಬಿಚ್ಚಬಾರದು. ದೂರದಲ್ಲಿ ಏನಾದರೂ ಅಲುಗಿದರೆ ಮಾಲೀಕನ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಹನ್ನೆರಡು, ಹದಿನಾಲ್ಕು ವರ್ಷ ಬದುಕುತ್ತದೆ. ಅದರಲ್ಲಿ ಓಟದ ವರ್ಷಗಳು ಅರ್ಧ.

ಉಳಿದರ್ಧ ವರ್ಷಗಳ ನಾಯಿಗೆ ಮಾಲಿಕರ ಮೊದಲನೆಯ ವಾದ ನೆರವಾಗದು. ಬೇಟೆ ತಿನ್ನಬಹುದಾದರೆ ಜೊಲ್ಲೇಕೆ ಕೆಟ್ಟದ್ದು ಎಂಬ ಪ್ರಶ್ನೆ ಬೇಟೆ ತರುವ ನಾಯಿಯನ್ನು ಮಾತ್ರ ಕಾಯುತ್ತದೆ. ಏನನ್ನೂ ತಾರದೆ, ಕಿವಿಯ ಕೂದಲು ಉದುರಿ, ಹಾಸಿಗೆ ಬಿಟ್ಟು ಏಳದ ಮುದಿ ಸಲೂಕಿಗೂ ಬಸ್ ನಿಲ್ದಾಣದ ನಾಯಿಗೂ ಬೇಕಾಗುವುದು ಅವರ ಪಂಥದವರು ಆಮೇಲೆ ಕಟ್ಟಿದ ಎರಡನೆಯ ವಾದ, ಜೀವವಿರುವುದರಿಂದಲೇ ಶುದ್ಧ ಎಂಬುದು. ಈ ವಾದದಲ್ಲಿ ತಳಿಯ ಮಾತಿಲ್ಲ, ವಿದ್ಯೆಯ ಮಾತಿಲ್ಲ, ಉಪಯೋಗದ ಮಾತೂ ಇಲ್ಲ. ಮೊರಾಕೊದಿಂದ ಪಶ್ಚಿಮ ಆಫ್ರಿಕಾದವರೆಗೆ ಕೋಟ್ಯಂತರ ಜನ ಅನುಸರಿಸುವ ಪಂಥದ ಪಠ್ಯಗಳಲ್ಲಿ ಅದು ಇಂದಿಗೂ ಶುದ್ಧಿಯ ಪ್ರಕರಣದ ಆರಂಭದಲ್ಲೇ ಇದೆ, ವಿದ್ಯಾರ್ಥಿಗಳು ಅದನ್ನು ಕಲಿತೇ ಮುಂದಿನ ಪಾಠಕ್ಕೆ ಹೋಗುತ್ತಾರೆ.